ಉಷ್ಣವಲಯದ ದ್ವೀಪದಲ್ಲಿ ಹಾಫ್ ಮ್ಯಾರಥಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ದ್ವೀಪಗಳಲ್ಲಿ ನಡೆಯುವ ಹಾಫ್ ಮ್ಯಾರಥಾನ್‌ಗಳಿಗೆ ಜನರು ಹೆಸರು ನೋಂದಾಯಿಸುವುದು ಬಹುಮಟ್ಟಿಗೆ ಅಲ್ಲಿನ ಕಡಲು, ಬೆಟ್ಟ ಮತ್ತು ಬೆಳಗಿನ ಬೆಳಕಿಗಾಗಿ. ಓಟ ಹೇಗಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಅಲ್ಲಿನ ಸೆಕೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಬಂದವರು ನೋಟವನ್ನೂ ಸವಿಯುತ್ತಾರೆ, ಓಟವನ್ನೂ ಮುಗಿಸುತ್ತಾರೆ. ಕೆಳಗಿನ ಉತ್ತರಗಳನ್ನು ಈ ಸಂಗತಿಯನ್ನು ಮುಂದಿಟ್ಟುಕೊಂಡೇ ಬರೆಯಲಾಗಿದೆ.

ದೂರ ಎಲ್ಲ ಕಡೆಯೂ ಒಂದೇ ಅಲ್ಲವೇ? ದ್ವೀಪದಲ್ಲಿ ಅದು ಏಕೆ ಅಷ್ಟು ಕಷ್ಟವಾಗುತ್ತದೆ?

ದೂರವೇನೋ ಅದೇ, 21.0975 ಕಿಲೋಮೀಟರ್. ಬೇರೆಯಾಗುವುದು ದೇಹದಲ್ಲಿ ಹುಟ್ಟುವ ಶಾಖವನ್ನು ಹೊರಹಾಕುವ ಕೆಲಸ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ, ಉಳಿದ ಮುಕ್ಕಾಲು ಭಾಗ ಶಾಖವಾಗಿಬಿಡುತ್ತದೆ. 60 ಕಿಲೋ ತೂಕದ ಓಟಗಾರರೊಬ್ಬರು ಹಾಫ್ ಮ್ಯಾರಥಾನ್ ಮುಗಿಸುವ ಹೊತ್ತಿಗೆ ಸುಮಾರು 1,250 ಕಿಲೋಕ್ಯಾಲರಿ ಖರ್ಚಾಗಿರುತ್ತದೆ. ಅಂದರೆ 900ಕ್ಕೂ ಹೆಚ್ಚು ಕಿಲೋಕ್ಯಾಲರಿಯಷ್ಟು ಶಾಖ ದೇಹದಿಂದ ಹೊರಗೆ ಹೋಗಬೇಕು. ಈ ಕೆಲಸದ ಬಹುಪಾಲನ್ನು ಮಾಡುವುದು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ.

ತೊಡಕಿರುವುದು ಈ ಆರುವಿಕೆಯಲ್ಲಿ. ಸುತ್ತಲೂ 27ರಿಂದ 29 ಡಿಗ್ರಿಯ ಸಮುದ್ರವಿರುವ ದ್ವೀಪದಲ್ಲಿ ಗಾಳಿ ಮೊದಲೇ ನೀರಾವಿಯಿಂದ ತುಂಬಿರುವುದರಿಂದ ಬೆವರು ಆರುವ ಬದಲು ತೊಟ್ಟಿಕ್ಕುತ್ತದೆ. ಮೂರನೆಯ ಕಿಲೋಮೀಟರಿನ ಹೊತ್ತಿಗೇ ಮೊಣಕೈ ತುದಿಯಿಂದ ಹನಿ ಬೀಳತೊಡಗುತ್ತದೆ, ಅಂಗಿ ಹೊಟ್ಟೆಗೆ ಅಂಟಿಕೊಳ್ಳುತ್ತದೆ, ಕಾಲ ಮೇಲಿಂದ ಇಳಿದ ಬೆವರು ಶೂ ಸೇರಿ ಪ್ರತಿ ಹೆಜ್ಜೆಗೂ ಪಚಪಚ ಸದ್ದು ಮಾಡುತ್ತದೆ. ಹಾಗೆ ನೆಲಕ್ಕೆ ಬಿದ್ದ ಹನಿಗಳಿಂದ ದೇಹ ನೀರನ್ನೂ ಉಪ್ಪನ್ನೂ ಕಳೆದುಕೊಂಡಿತೇ ಹೊರತು ತಂಪಾಗಲಿಲ್ಲ. ಶಾಖವನ್ನು ಹೊರದೂಡಲು ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳಿಸಬೇಕಾಗುತ್ತದೆ, ಕಾಲಿನ ಸ್ನಾಯುಗಳಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ತಂಪು ಹವೆಯಲ್ಲಿ ಸಲೀಸಾಗಿದ್ದ ವೇಗ ಇಲ್ಲಿ ಏದುಸಿರು ಬರಿಸುವುದು ಇದೇ ಕಾರಣಕ್ಕೆ. ಇದನ್ನು ತರಬೇತಿಯ ಕೊರತೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಯಾವ ತಿಂಗಳಿನ ಓಟವನ್ನು ಆರಿಸಿಕೊಳ್ಳಬೇಕು?

ಮೊದಲು ಚಂಡಮಾರುತದ ಕಾಲವನ್ನು ನೋಡಿಕೊಳ್ಳಿ. ಕೆರಿಬಿಯನ್ ಮತ್ತು ಉತ್ತರ ಅಟ್ಲಾಂಟಿಕ್‌ನಲ್ಲಿ ಅದು ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆ. ದಕ್ಷಿಣ ಪೆಸಿಫಿಕ್ ಮತ್ತು ನೈಋತ್ಯ ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಹೆಚ್ಚು ಕಡಿಮೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಸಮಭಾಜಕ ವೃತ್ತದಿಂದ ಸುಮಾರು 5 ಡಿಗ್ರಿಯೊಳಗಿನ ದ್ವೀಪಗಳಿಗೆ ಚಂಡಮಾರುತ ಬರುವುದು ತೀರಾ ಅಪರೂಪ, ಏಕೆಂದರೆ ಗಾಳಿಯನ್ನು ಸುಳಿಯಾಗಿ ತಿರುಗಿಸುವಷ್ಟು ಭೂಭ್ರಮಣದ ಪ್ರಭಾವ ಅಲ್ಲಿರುವುದಿಲ್ಲ.

ತಿಂಗಳಿನಷ್ಟೇ ಮುಖ್ಯವಾದದ್ದು ಓಟದ ಹಾದಿ ದ್ವೀಪದ ಯಾವ ಮಗ್ಗುಲಿನಲ್ಲಿದೆ ಎಂಬುದು, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ವಾಣಿಜ್ಯ ಮಾರುತಗಳು ಉತ್ತರಾರ್ಧಗೋಳದಲ್ಲಿ ಈಶಾನ್ಯದಿಂದಲೂ ದಕ್ಷಿಣಾರ್ಧಗೋಳದಲ್ಲಿ ಆಗ್ನೇಯದಿಂದಲೂ ಬೀಸುತ್ತವೆ. ಬೆಟ್ಟಗಳಿರುವ ದ್ವೀಪದಲ್ಲಿ ಗಾಳಿಗೆ ಎದುರಾದ ಮಗ್ಗುಲು ಹಸಿರಾಗಿ, ಮಳೆಯಿಂದ ತೋಯ್ದು, ಗಾಳಿಯಾಡುತ್ತಿರುತ್ತದೆ. ಮರೆಯಲ್ಲಿರುವ ಮಗ್ಗುಲು ಒಣಗಿ, ಬಿಸಿಲಿಗೆ ಕಾದಿರುತ್ತದೆ. ಹವಾಯಿಯ ಒಂದೇ ದ್ವೀಪದಲ್ಲಿ ಪೂರ್ವದ ಹಿಲೊ ಪಟ್ಟಣಕ್ಕೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಪಶ್ಚಿಮದ ಕೋನಾ ಕರಾವಳಿ ಮಾತ್ರ ಒಣ ನೆಲವಾಗಿಯೇ ಉಳಿದಿದೆ. ಆಯ್ಕೆಯಿದ್ದರೆ ಗಾಳಿ ಬೀಸುವ ಮಗ್ಗುಲಿನ ಓಟವೇ ಒಳ್ಳೆಯದು. ಎದುರುಗಾಳಿ ವೇಗವನ್ನು ಸ್ವಲ್ಪ ಕುಗ್ಗಿಸಿದರೂ ಬೆವರನ್ನು ಆರಿಸಿ ಅದಕ್ಕಿಂತ ಹೆಚ್ಚಿನ ಉಪಕಾರ ಮಾಡುತ್ತದೆ.

ಇನ್ನೂ ಕತ್ತಲಿರುವಾಗಲೇ ಓಟ ಆರಂಭಿಸುವುದು ಏಕೆ?

ಬಿಸಿಲು ಏರುವ ಮೊದಲೇ ಹೆಚ್ಚಿನ ದೂರ ಕ್ರಮಿಸಲಿ ಎಂಬುದಕ್ಕಾಗಿ. 1973ರಿಂದ ನಡೆಯುತ್ತಿರುವ ಹೊನೊಲುಲು ಮ್ಯಾರಥಾನ್ ಡಿಸೆಂಬರಿನಲ್ಲಿ ನಡೆದರೂ ಬೆಳಗಿನ 5 ಗಂಟೆಗೇ ಹೊರಡುತ್ತದೆ. ಮುಂಜಾನೆ ತಂಪಾಗಿರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ: ಉಷ್ಣಾಂಶ ಆಗ ಕನಿಷ್ಠವಾಗಿರುತ್ತದೆ, ಸಾಪೇಕ್ಷ ಆರ್ದ್ರತೆ ಗರಿಷ್ಠವಾಗಿರುತ್ತದೆ. ನೆತ್ತಿಯ ಮೇಲೆ ಸೂರ್ಯನಿಲ್ಲ ಎಂಬುದೇ ಆ ಹೊತ್ತಿನ ನಿಜವಾದ ಲಾಭ. ಉಷ್ಣವಲಯದಲ್ಲಿ ಸೂರ್ಯ ಹೆಚ್ಚು ಕಡಿಮೆ ನೇರವಾಗಿ ಮೇಲೇರುವುದರಿಂದ ಮುಂಬೆಳಗಿನ ಸಂಧಿಕಾಲ ತುಂಬ ಚಿಕ್ಕದು. ರಸ್ತೆ ಮಸುಕಾಗಿ ಕಾಣಿಸತೊಡಗಿದ ಇಪ್ಪತ್ತು, ಇಪ್ಪತ್ತೈದು ನಿಮಿಷಗಳಲ್ಲಿ ಪೂರ್ತಿ ಬೆಳಕಾಗಿಬಿಡುತ್ತದೆ. ಕಡಲು ಬಣ್ಣ ಬದಲಿಸುವುದು ಈ ಅವಧಿಯಲ್ಲಿಯೇ, ಹಾಗಾಗಿ ಆಗ ತಲೆ ತಗ್ಗಿಸಿ ವಾಚ್ ನೋಡುತ್ತ ಓಡಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳಬೇಕೆನಿಸುತ್ತದೆ.

ತಲೆಗೆ ಕಟ್ಟುವ ದೀಪ ಒಯ್ಯುವವರು ಕೆಂಪು ಬೆಳಕಿರುವುದನ್ನು ಆರಿಸಿಕೊಳ್ಳಿ. ಕಡಲಾಮೆಗಳು ಮೊಟ್ಟೆಯಿಡುವ ತೀರದ ಪಕ್ಕದಲ್ಲಿ ಹಾದಿ ಸಾಗುತ್ತಿದ್ದರೆ ಬಿಳಿ ಬೆಳಕು ಮರಿಗಳಿಗೆ ದಿಕ್ಕು ತಪ್ಪಿಸುತ್ತದೆ.

ಸೆಕೆಗೆ ಒಗ್ಗಿಕೊಳ್ಳಲು ಎಷ್ಟು ದಿನ ಮೊದಲು ಹೋಗಬೇಕು?

ಪೂರ್ತಿಯಾಗಿ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಮೊದಲ ಮೂರರಿಂದ ಐದು ದಿನಗಳಲ್ಲಿ ರಕ್ತದ ಪ್ಲಾಸ್ಮಾ ಪ್ರಮಾಣ ಹೆಚ್ಚುತ್ತದೆ, ಅದೇ ವೇಗಕ್ಕೆ ಹೃದಯದ ಬಡಿತ ಇಳಿಯತೊಡಗುತ್ತದೆ. ಆಮೇಲೆ ಬೆವರು ಬೇಗ ಬರಲು ಆರಂಭಿಸಿ, ಹೆಚ್ಚು ಬಂದು, ಅದರಲ್ಲಿನ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಎರಡು ವಾರ ರಜೆ ಎಲ್ಲರಿಗೂ ಸಿಗುವುದಿಲ್ಲ. ನಾಲ್ಕೈದು ದಿನ ಮೊದಲು ತಲುಪಿದರೂ ಒಗ್ಗುವಿಕೆಯ ಮೊದಲ ಹಂತ ಕೈಗೆ ಬರುತ್ತದೆ. ಆದರೆ ಆ ದಿನಗಳನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕಳೆದರೆ ಪ್ರಯೋಜನವಿಲ್ಲ. ದಿನಕ್ಕೊಮ್ಮೆಯಾದರೂ ಹೊರಗೆ ಅರ್ಧ ಗಂಟೆಯಿಂದ ಒಂದು ಗಂಟೆ ನಿಧಾನವಾಗಿ ಓಡಬೇಕು ಅಥವಾ ಚುರುಕಾಗಿ ನಡೆಯಬೇಕು.

ತಂಪು ಊರಿನಲ್ಲಿರುವವರು ಮನೆಯಲ್ಲಿಯೇ ತಯಾರಿ ನಡೆಸಬಹುದೇ?

ನಡೆಸಬಹುದು. ದಿನದ ಸೆಕೆಯ ಹೊತ್ತಿನಲ್ಲಿ ನಿಧಾನವಾಗಿ ಓಡುವುದು, ಫ್ಯಾನ್ ಹಾಕದೆ ಟ್ರೆಡ್‌ಮಿಲ್ ಬಳಸುವುದು, ಓಟದ ಉಡುಪಿನ ಮೇಲೆ ಇನ್ನೊಂದು ಪದರ ಬಟ್ಟೆ ತೊಡುವುದು ಹಳೆಯ ಉಪಾಯಗಳು. ಅಧ್ಯಯನಗಳಲ್ಲಿ ಫಲ ಕೊಟ್ಟ ಇನ್ನೊಂದು ವಿಧಾನವೂ ಇದೆ: 40 ನಿಮಿಷ ಓಡಿದ ಕೂಡಲೇ ಸುಮಾರು 40 ಡಿಗ್ರಿಯ ಬಿಸಿ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ, ಗರಿಷ್ಠ 40 ನಿಮಿಷ ಕುಳಿತುಕೊಳ್ಳುವುದು, ಹೀಗೆ ಸತತ ಆರು ದಿನ. ಮೊದಲ ದಿನ ಹೆಚ್ಚಿನವರಿಗೆ ಹತ್ತಿಪ್ಪತ್ತು ನಿಮಿಷವೇ ಸಾಕಾಗುತ್ತದೆ. ಎದ್ದು ನಿಂತಾಗ ತಲೆಸುತ್ತು ಬರುವ ಸಾಧ್ಯತೆ ಇರುವುದರಿಂದ ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ಇದನ್ನು ಮಾಡಿ. ಹೃದಯದ ತೊಂದರೆ, ರಕ್ತದೊತ್ತಡದ ಏರುಪೇರು ಇರುವವರು ಮತ್ತು ಗರ್ಭಿಣಿಯರು ಇದರ ತಂಟೆಗೆ ಹೋಗಲೇಬಾರದು. ಒಗ್ಗಿಕೊಂಡ ದೇಹ ತಂಪಿಗೆ ಮರಳಿದರೆ ಆ ಗುಣವನ್ನು ಕೆಲವೇ ವಾರಗಳಲ್ಲಿ ಕಳೆದುಕೊಳ್ಳುತ್ತದೆ, ಆದ್ದರಿಂದ ಈ ಅಭ್ಯಾಸವನ್ನು ಓಟಕ್ಕೆ ಹತ್ತಿರದ ವಾರಗಳಿಗೆ ಇಟ್ಟುಕೊಳ್ಳಿ.

ಒಟ್ಟು ತರಬೇತಿಗೆ ಎಷ್ಟು ವಾರ ಬೇಕು?

5 ಕಿಲೋಮೀಟರ್ ನಿಲ್ಲದೆ ಓಡಬಲ್ಲವರಿಗೆ 12 ವಾರ ಸಾಕು. ವಾರಾಂತ್ಯದ ಲಾಂಗ್ ರನ್ 16ರಿಂದ 18 ಕಿಲೋಮೀಟರ್ ಮುಟ್ಟಿದರೆ ಉಳಿದದ್ದನ್ನು ಓಟದ ದಿನದ ಉತ್ಸಾಹವೇ ನೋಡಿಕೊಳ್ಳುತ್ತದೆ.

ಯಾವ ಪೇಸ್ (ಪ್ರತಿ ಕಿಲೋಮೀಟರಿಗೆ ಹಿಡಿಯುವ ಸಮಯ) ಇಟ್ಟುಕೊಳ್ಳಬೇಕು?

ನಿಮ್ಮ ಉತ್ತಮ ಸಮಯವನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ. ತಂಪು ಹವೆಯ ಪೇಸ್ ಅನ್ನು ಇಲ್ಲಿ ಹಿಡಿದಿಡಲು ಹೋದವರು ಹತ್ತನೆಯ ಕಿಲೋಮೀಟರಿನವರೆಗೆ ಯಶಸ್ವಿಯಾಗುತ್ತಾರೆ; ಆ ಬಳಿಕ ಏನಾಗುತ್ತದೆ ಎಂಬುದು ಅಂತಿಮ ಗೆರೆಯ ಬಳಿ ನಿಂತು ನೋಡಿದವರಿಗೆಲ್ಲ ಗೊತ್ತು. ದೇಹದ ಒಳಗಿನ ಉಷ್ಣಾಂಶ ಒಮ್ಮೆ ಮೇಲೇರಿದರೆ ಓಡುತ್ತಲೇ ಅದನ್ನು ಇಳಿಸುವುದು ಬಹುತೇಕ ಆಗದ ಮಾತು, ಆದ್ದರಿಂದ ಮೊದಲ ಭಾಗದಲ್ಲಿ ಉಳಿಸಿಕೊಂಡ ತಂಪೇ ಕೊನೆಯ ಭಾಗದ ಬಂಡವಾಳ.

ನನ್ನ ಸಲಹೆ ಇಷ್ಟು. ಮೊದಲ 5 ಕಿಲೋಮೀಟರ್‌ಗಳನ್ನು ಪೂರ್ತಿ ವಾಕ್ಯಗಳಲ್ಲಿ ಮಾತನಾಡಬಲ್ಲಷ್ಟು ನಿಧಾನವಾಗಿ ಓಡಿ, ವಾಚ್ ಯಾವ ಅಂಕಿ ತೋರಿಸಿದರೂ ಚಿಂತಿಸಬೇಡಿ. 5ರಿಂದ 15ರವರೆಗೆ ಉಸಿರಾಟವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಹೃದಯದ ಬಡಿತ ನೋಡಿಕೊಂಡು ಓಡುವವರು ಒಂದು ವಿಷಯ ನೆನಪಿಡಬೇಕು: ವೇಗ ಬದಲಾಗದಿದ್ದರೂ ಸೆಕೆಯಲ್ಲಿ ಬಡಿತ ತಾನಾಗಿಯೇ ನಿಧಾನವಾಗಿ ಏರುತ್ತ ಹೋಗುತ್ತದೆ, ಬೆವರಿನಿಂದ ರಕ್ತದ ಪ್ರಮಾಣ ಕುಗ್ಗುವುದೇ ಅದಕ್ಕೆ ಕಾರಣ. ಹಾಗೆ ಏರಿದಾಗ ಬಡಿತಕ್ಕೆ ತಕ್ಕಂತೆ ವೇಗ ಇಳಿಸಿ. ಪ್ರತಿ ನೀರಿನ ಕೇಂದ್ರದಲ್ಲಿ ಅರ್ಧ ನಿಮಿಷ ನಡೆಯುವುದನ್ನು ಮೊದಲ ಕೇಂದ್ರದಿಂದಲೇ ರೂಢಿ ಮಾಡಿಕೊಳ್ಳಿ. ದಣಿದ ಮೇಲೆ ನಡೆಯುವುದಕ್ಕೂ ದಣಿಯದಿರಲು ನಡೆಯುವುದಕ್ಕೂ ಅಂತರ ತುಂಬ ಇದೆ. 16ರ ಫಲಕ ದಾಟಿದಾಗಲೂ ಮೈ ಹಗುರಾಗಿದೆ ಎನಿಸಿದರೆ ಆಗ ವೇಗ ಹೆಚ್ಚಿಸಿ, ಅಲ್ಲಿಂದ ಮುಂದೆ ಹಿಂದಿಕ್ಕಲು ಓಟಗಾರರು ಸಾಲುಸಾಲಾಗಿ ಸಿಗುತ್ತಾರೆ.

ಹಾದಿಯಲ್ಲಿ ಏರುಗಳಿರುತ್ತವೆಯೇ?

ಅದು ದ್ವೀಪದ ಹುಟ್ಟನ್ನು ಅವಲಂಬಿಸಿದೆ. ಹವಳದ ದ್ವೀಪಗಳು ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿರುವುದರಿಂದ ಹಾದಿ ಅಂಗೈಯಷ್ಟು ಸಮ, ಆದರೆ ನೆರಳು ಕಡಿಮೆ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಗಳಲ್ಲಿ ಕರಾವಳಿ ರಸ್ತೆಯೂ ಸಮತಟ್ಟಾಗಿರುವುದಿಲ್ಲ. ಬೆಟ್ಟದಿಂದ ಇಳಿಯುವ ಪ್ರತಿ ಕಣಿವೆಗೂ ರಸ್ತೆ ಇಳಿಯುತ್ತದೆ, ಪ್ರತಿ ಕೋಡಿಗೂ ಏರುತ್ತದೆ. ಆಯೋಜಕರು ಕೊಡುವ ಏರಿಳಿತದ ನಕ್ಷೆಯಲ್ಲಿ ಒಟ್ಟು ಏರು ಎಷ್ಟು ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದನ್ನು ನೋಡಿಕೊಳ್ಳಿ. ಸೂರ್ಯ ಮೇಲೆ ಬಂದ ನಂತರದ 14ನೆಯ ಕಿಲೋಮೀಟರಿನ ಏರು, ಕತ್ತಲಲ್ಲಿ ಸಿಗುವ 4ನೆಯ ಕಿಲೋಮೀಟರಿನ ಅಷ್ಟೇ ಎತ್ತರದ ಏರಿಗಿಂತ ಬಹಳ ಕಠಿಣ. ಮಳೆ ನೀರು ಹರಿದುಹೋಗಲೆಂದು ಇಂಥ ರಸ್ತೆಗಳನ್ನು ಅಂಚಿನ ಕಡೆಗೆ ಚೆನ್ನಾಗಿ ವಾಲಿಸಿರುತ್ತಾರೆ. ಅಂಚಿನಲ್ಲಿಯೇ ಬಹುದೂರ ಓಡಿದರೆ ಮಂಡಿ ಮತ್ತು ಸೊಂಟ ನೋಯುತ್ತವೆ, ವಾಹನ ಸಂಚಾರ ನಿಲ್ಲಿಸಿದ್ದರೆ ನಡುರಸ್ತೆಯೇ ಲೇಸು.

ಎಷ್ಟು ನೀರು ಕುಡಿಯಬೇಕು?

ಎಲ್ಲರಿಗೂ ಒಪ್ಪುವ ಒಂದು ಅಳತೆಯಿಲ್ಲ. ಗಂಟೆಗೆ ಅರ್ಧ ಲೀಟರ್ ಬೆವರುವವರೂ ಇದ್ದಾರೆ, ಎರಡು ಲೀಟರ್ ಬೆವರುವವರೂ ಇದ್ದಾರೆ. ನಿಮ್ಮದನ್ನು ನೀವೇ ಅಳೆದುಕೊಳ್ಳಬಹುದು: ಸೆಕೆಯ ದಿನ ಒಂದು ಗಂಟೆ ಓಡುವ ಮೊದಲು ಮತ್ತು ಓಡಿ ಮೈ ಒರೆಸಿಕೊಂಡ ಮೇಲೆ ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿ. ಕಡಿಮೆಯಾದ ಪ್ರತಿ ಕಿಲೋಗ್ರಾಮ್‌ಗೆ ಒಂದು ಲೀಟರ್‌ನಂತೆ ಲೆಕ್ಕ ಹಾಕಿ, ನಡುವೆ ಕುಡಿದ ನೀರನ್ನು ಅದಕ್ಕೆ ಸೇರಿಸಿ.

ಹೀಗೆ ಕಳೆದುಕೊಂಡದ್ದನ್ನೆಲ್ಲ ಓಟದಲ್ಲಿಯೇ ತುಂಬಿಕೊಳ್ಳಬೇಕೆಂದಿಲ್ಲ, ತುಂಬಿಕೊಳ್ಳಲು ಹೋಗಲೂಬಾರದು. ತೂಕದ ಎರಡು ಶೇಕಡಾದಷ್ಟು ಕಡಿಮೆಯಾದರೆ ಆರೋಗ್ಯವಂತರಿಗೆ ಅಪಾಯವಿಲ್ಲ. ಬಾಯಾರಿಕೆಗೆ ತಕ್ಕಂತೆ, ಪ್ರತಿ ಕೇಂದ್ರದಲ್ಲಿ ಕೆಲವು ಗುಟುಕು ಕುಡಿಯುವುದೇ ಸರಿಯಾದ ಕ್ರಮ. ಹೆದರಿ ಅತಿಯಾಗಿ ಕುಡಿದವರ ರಕ್ತದಲ್ಲಿ ಸೋಡಿಯಂ ತೆಳುವಾಗಿ ಹೈಪೋನಾಟ್ರೀಮಿಯಾ ಎಂಬ ಸ್ಥಿತಿ ಬರುತ್ತದೆ, ಅದು ಪ್ರಾಣಕ್ಕೂ ಎರವಾಗಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ 13 ಶೇಕಡಾ ಜನರಲ್ಲಿ ಈ ಸ್ಥಿತಿ ಕಂಡುಬಂದಿತ್ತು. ಹೆಚ್ಚು ಹೊತ್ತು ಓಡಿದವರಲ್ಲಿ, ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಹೆಚ್ಚಾಗಿತ್ತು. ನಿಧಾನವಾಗಿ ಓಡುವವರು ಪ್ರತಿ ಕೇಂದ್ರದಲ್ಲಿಯೂ ನಿಂತು ಎರಡು ಮೂರು ಲೋಟ ಕುಡಿಯುವ ಸಾಧ್ಯತೆ ಹೆಚ್ಚಾದ್ದರಿಂದ ಅವರೇ ಹೆಚ್ಚು ಎಚ್ಚರವಾಗಿರಬೇಕು. ಬೆರಳುಗಳು ಊದಿ ಉಂಗುರ ಬಿಗಿಯಾದರೆ, ಹೊಟ್ಟೆ ತುಂಬಿ ಕುಲುಕಿದರೆ, ತಲೆನೋವಿನೊಡನೆ ವಾಕರಿಕೆ ಬಂದರೆ ಕುಡಿಯುವುದನ್ನು ನಿಲ್ಲಿಸಿ ವೈದ್ಯಕೀಯ ಸಿಬ್ಬಂದಿಗೆ ತಿಳಿಸಿ.

ಎಲೆಕ್ಟ್ರೊಲೈಟ್ (ಸೋಡಿಯಂನಂಥ ಲವಣಗಳು) ಮತ್ತು ಜೆಲ್ (ಓಡುತ್ತಲೇ ಸೇವಿಸುವ ಸಕ್ಕರೆಯ ಪಾಕ) ಬೇಕೇ?

ಎರಡು ಗಂಟೆ ಮೀರಿ ಓಡುವವರಿಗೆ ಬೇಕು. ಅಂಗಿ ಒಣಗಿದ ಮೇಲೆ ಬಿಳಿ ಗೆರೆಗಳು ಮೂಡುವವರ ಬೆವರಿನಲ್ಲಿ ಉಪ್ಪು ಹೆಚ್ಚಿರುತ್ತದೆ, ಅವರು ಬರಿಯ ನೀರಿನ ಮೇಲೆ ಅವಲಂಬಿಸಬಾರದು. ಜೆಲ್ ಸೆಕೆಯಲ್ಲಿ ಹೊಟ್ಟೆಗೆ ಒಗ್ಗದಿರಬಹುದು, ಆದ್ದರಿಂದ ಅಭ್ಯಾಸದಲ್ಲಿ ಬಳಸದ ಯಾವುದನ್ನೂ ಓಟದ ದಿನ ಬಾಯಿಗೆ ಹಾಕಬೇಡಿ.

ಶಾಖಾಘಾತವನ್ನು ಗುರುತಿಸುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿನ ಕೆಲಸ ಏರುಪೇರಾದಾಗ ಅದನ್ನು ಶಾಖಾಘಾತ ಅಥವಾ ಹೀಟ್ ಸ್ಟ್ರೋಕ್ ಎನ್ನುತ್ತಾರೆ. ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಅದು ಶಾಖಾಘಾತ ಎಂಬ ತಿಳಿವಳಿಕೆ ಬಹಳ ಹರಡಿದೆ, ಓಟಗಾರರ ವಿಷಯದಲ್ಲಿ ಅದು ತಪ್ಪು. ಕುಸಿದು ಬಿದ್ದವರ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ನೋಡಬೇಕಾದದ್ದು ನಡವಳಿಕೆಯನ್ನು. ಅಡ್ಡಾದಿಡ್ಡಿ ಹೆಜ್ಜೆ, ತೊದಲು ಮಾತು, ಕಾರಣವಿಲ್ಲದ ಸಿಟ್ಟು, ಎಲ್ಲಿದ್ದೇನೆಂದು ತಿಳಿಯದ ಮಂಕು, ಸುಡುವ ಹವೆಯಲ್ಲಿ ಚಳಿಯಾಗಿ ಮೈ ನವಿರೇಳುವುದು, ಇವುಗಳಲ್ಲಿ ಯಾವುದು ಕಂಡರೂ ಓಟ ಅಲ್ಲಿಗೆ ನಿಲ್ಲಬೇಕು. ತೊಂದರೆಗೆ ಸಿಲುಕಿದವರು "ನಾನು ಚೆನ್ನಾಗಿದ್ದೇನೆ" ಎಂದೇ ಹೇಳುತ್ತಾರೆ, ಏಕೆಂದರೆ ತೀರ್ಮಾನಿಸುವ ಶಕ್ತಿಯೇ ಮೊದಲು ಮಂಕಾಗಿರುತ್ತದೆ. ಪಕ್ಕದಲ್ಲಿ ಓಡುತ್ತಿರುವವರು ಅವರ ಮಾತನ್ನು ನಂಬದೆ ತೋಳು ಹಿಡಿದು ನಿಲ್ಲಿಸಬೇಕು.

ಚಿಕಿತ್ಸೆ ತಂಪು ನೀರು. ಕುತ್ತಿಗೆಯವರೆಗೆ ಐಸ್ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು ಅತ್ಯಂತ ಪರಿಣಾಮಕಾರಿ. ತೊಟ್ಟಿ ಇಲ್ಲದಿದ್ದರೆ ಸಿಕ್ಕ ತಣ್ಣೀರನ್ನೆಲ್ಲ ಮೈಮೇಲೆ ನಿಲ್ಲದೆ ಸುರಿದು, ಒದ್ದೆ ಬಟ್ಟೆ ಹೊದಿಸಿ, ಅದನ್ನು ಬದಲಿಸುತ್ತ ಗಾಳಿ ಬೀಸಬೇಕು. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ ಎಂಬುದು ವೈದ್ಯರು ಒಪ್ಪಿದ ನಿಯಮ. ಮೊದಲ ಅರ್ಧ ಗಂಟೆಯೊಳಗೆ ಉಷ್ಣಾಂಶ ಇಳಿಸಿದರೆ ಬದುಕುಳಿಯುವ ಸಾಧ್ಯತೆ ತುಂಬ ಹೆಚ್ಚು. ಚಿಕ್ಕ ದ್ವೀಪಗಳಲ್ಲಿ ದೊಡ್ಡ ಆಸ್ಪತ್ರೆ ದೂರವಿರಬಹುದು, ಕೆಲವೊಮ್ಮೆ ದೋಣಿ ಅಥವಾ ವಿಮಾನವೇ ಬೇಕಾಗಬಹುದು. ಹೆಸರು ನೋಂದಾಯಿಸುವ ಮೊದಲು ವೈದ್ಯಕೀಯ ಡೇರೆಯಲ್ಲಿ ತಣ್ಣೀರಿನ ತೊಟ್ಟಿ ಇದೆಯೇ ಎಂದು ಆಯೋಜಕರನ್ನು ಕೇಳುವುದು ಓಟಗಾರರ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಹಾದಿಯಲ್ಲಿ ಹಾರಿಸುವ ಬಣ್ಣದ ಬಾವುಟಗಳ ಅರ್ಥವೇನು?

ಅವು ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂಬ ಅಳತೆಯನ್ನು ಸೂಚಿಸುತ್ತವೆ. ಬರಿಯ ಉಷ್ಣಾಂಶದ ಜೊತೆಗೆ ಆರ್ದ್ರತೆ, ಬಿಸಿಲು, ಗಾಳಿ ಇವೆಲ್ಲವೂ ಸೇರಿರುವ ಈ ಅಳತೆಯನ್ನು 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಿಗಾಗಿ ರೂಪಿಸಲಾಯಿತು. ಓಟಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ 18 ಡಿಗ್ರಿಗಿಂತ ಕಡಿಮೆಯಿದ್ದರೆ ಹಸಿರು, 18ರಿಂದ 23ರವರೆಗೆ ಹಳದಿ, 23ರಿಂದ 28ರವರೆಗೆ ಕೆಂಪು, ಅದನ್ನು ಮೀರಿದರೆ ಕಪ್ಪು. ಉಷ್ಣವಲಯದ ದ್ವೀಪದಲ್ಲಿ ಓಟ ಹೊರಡುವಾಗಲೇ ಕೆಂಪು ಬಾವುಟ ಕಂಡರೆ ಆಶ್ಚರ್ಯಪಡಬೇಡಿ. ಕಪ್ಪು ಬಾವುಟ ಏರಿದ ದಿನ ಆಯೋಜಕರು ದೂರ ಕಡಿಮೆ ಮಾಡಿದರೆ ಅಥವಾ ಓಟವನ್ನೇ ರದ್ದು ಮಾಡಿದರೆ ಅವರೊಂದಿಗೆ ವಾದಕ್ಕಿಳಿಯುವುದು ತರವಲ್ಲ.

ಬಟ್ಟೆ ಮತ್ತು ಶೂ ಹೇಗಿರಬೇಕು?

ತಿಳಿ ಬಣ್ಣದ, ಸಡಿಲವಾದ, ತೆಳುವಾದ ಸಿಂಥೆಟಿಕ್ ಬಟ್ಟೆ. ಹತ್ತಿಯ ಅಂಗಿ ಬೆವರನ್ನು ಹೀರಿ ಭಾರವಾಗಿ ಮೈ ಉಜ್ಜುತ್ತದೆ. ತೊಡೆಸಂದು, ಕಂಕುಳು, ಮೊಲೆತೊಟ್ಟು, ಬ್ರಾದ ಅಂಚು ತಗಲುವ ಜಾಗಗಳಿಗೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿಕೊಳ್ಳಿ. ಆರದ ಬೆವರಿನಲ್ಲಿ ತಂಪು ನಾಡಿಗಿಂತ ಬಹಳ ಬೇಗ ಚರ್ಮ ಕಿತ್ತುಬರುತ್ತದೆ. ಮೇಲ್ಭಾಗದಲ್ಲಿ ಜಾಲರಿಯಿದ್ದು ನೀರು ಹೊರಗೆ ಹೋಗುವ ಶೂ ಒಳ್ಳೆಯದು. ಬೆರಳು ಬೆರಳಿಗೆ ಬೇರೆ ಬೇರೆ ಹೊದಿಕೆಯಿರುವ ಕಾಲುಚೀಲ ಗುಳ್ಳೆ ಏಳುವುದನ್ನು ತಡೆಯುತ್ತದೆ. ಟೋಪಿಯ ನೆತ್ತಿ ತೆರೆದಿರಲಿ.

ಯಾವ ಸನ್‌ಸ್ಕ್ರೀನ್ ಬಳಸಬೇಕು?

ಉಷ್ಣವಲಯದಲ್ಲಿ ಬೆಳಗಿನ ಹೊತ್ತು ಕಳೆದಂತೆ ಅತಿನೇರಳೆ ಸೂಚ್ಯಂಕ 11ನ್ನೂ ಮೀರಬಹುದು, ಹಾಗಾಗಿ ಕತ್ತಲಲ್ಲಿ ಹೊರಡುವವರೂ ಮೊದಲೇ ಹಚ್ಚಿಕೊಂಡಿರಬೇಕು. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಆರಿಸಿಕೊಳ್ಳಿ. ಆಕ್ಸಿಬೆಂಜೋನ್ ಮತ್ತು ಆಕ್ಟಿನೊಕ್ಸೇಟ್ ಹವಳಕ್ಕೆ ಹಾನಿ ಮಾಡುತ್ತವೆ ಎಂಬ ಕಾರಣಕ್ಕೆ ಅವುಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರ ಜನವರಿಯಿಂದ ನಿಷೇಧಿಸಿದೆ. ಪಲಾವು ದೇಶ ಇಂಥದ್ದೇ ನಿಷೇಧವನ್ನು 2020ರಲ್ಲಿಯೇ ಜಾರಿಗೆ ತಂದಿತು. ಹಣೆಗೆ ಹೆಚ್ಚು ಹಚ್ಚಬೇಡಿ, ಬೆವರಿನೊಂದಿಗೆ ಕಣ್ಣಿಗಿಳಿದು ಉರಿಸುತ್ತದೆ. ಆ ಕೆಲಸವನ್ನು ಟೋಪಿಯ ಅಂಚಿಗೆ ಬಿಡಿ.

ಮಳೆ ಬಂದರೆ ಓಟ ನಿಲ್ಲುತ್ತದೆಯೇ?

ಮಳೆಗೆ ನಿಲ್ಲುವುದಿಲ್ಲ, ಸಿಡಿಲಿಗೆ ನಿಲ್ಲುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಕಟ್ಟಡ ಅಥವಾ ವಾಹನದೊಳಗೆ ಇರಬೇಕು, ತೆಂಗಿನ ಮರದ ಕೆಳಗೆ ನಿಲ್ಲಬಾರದು. ಬರಿಯ ಮಳೆಯಾದರೆ ಅದು ವರವೇ ಸರಿ. ರಸ್ತೆಯ ಬಿಳಿ ಪಟ್ಟಿಗಳ ಮೇಲೆ, ಮರದ ಸೇತುವೆಯ ಹಲಗೆಗಳ ಮೇಲೆ, ಉದುರಿದ ಎಲೆಗಳ ಮೇಲೆ ಮಾತ್ರ ಹುಷಾರಾಗಿ ಕಾಲಿಡಿ.

ಹಾದಿಯಲ್ಲಿ ಮರಳಿದ್ದರೆ ಏನು ಮಾಡಬೇಕು?

ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕಾಗುತ್ತದೆ. ಅಲೆ ಈಗಷ್ಟೇ ಹಿಂದೆ ಸರಿದ, ಒದ್ದೆಯಾಗಿ ಗಟ್ಟಿಯಾದ ಪಟ್ಟಿಯನ್ನು ಹಿಡಿದು ಸಾಗಿ. ಅದು ಎಷ್ಟು ಅಗಲವಿರುತ್ತದೆ ಎಂಬುದು ಉಬ್ಬರವಿಳಿತದ ವೇಳೆಯ ಮೇಲಿದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಸಡಿಲ ಮರಳು ತಪ್ಪದಿದ್ದರೆ ಅಷ್ಟು ದೂರ ನಡೆಯಿರಿ, ಕಳೆದುಕೊಳ್ಳುವುದು ಕೆಲವೇ ನಿಮಿಷ.

ನನ್ನ ವಾಚ್ 21.4 ಕಿಲೋಮೀಟರ್ ತೋರಿಸಿತು. ಹಾದಿಯ ಅಳತೆ ತಪ್ಪೇ?

ಬಹುಮಟ್ಟಿಗೆ ತಪ್ಪಿರುವುದಿಲ್ಲ. ಪ್ರಮಾಣೀಕೃತ ಹಾದಿಯನ್ನು ಸೈಕಲ್ ಚಕ್ರಕ್ಕೆ ಜೋಡಿಸಿದ ಎಣಿಕೆ ಸಾಧನದಿಂದ, ಪ್ರತಿ ತಿರುವಿನಲ್ಲಿಯೂ ಸಾಧ್ಯವಿರುವ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ. ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ ಸೇರಿಸುತ್ತಾರೆ. ಕರಾವಳಿ ರಸ್ತೆಯ ನೂರಾರು ತಿರುವುಗಳಲ್ಲಿ ಹೊರಬದಿಯಲ್ಲಿ ಓಡಿದರೆ ದೂರ ಹೆಚ್ಚುವುದು ಸಹಜ. ದಟ್ಟ ಮರಗಳ ಕೆಳಗೆ, ಕಡಿದಾದ ಬಂಡೆಗಳ ಪಕ್ಕದಲ್ಲಿ ಜಿಪಿಎಸ್ ಕೂಡ ತಪ್ಪು ಓದುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವ ಹಾದಿಗಳಲ್ಲಿ ಓಡಿದ ಸಮಯ ದಾಖಲೆಗೆ ಅರ್ಹವಾಗದಿರಬಹುದು: ಆರಂಭ ಮತ್ತು ಅಂತ್ಯದ ನೇರ ಅಂತರ ಓಟದ ದೂರದ ಅರ್ಧವನ್ನು ಮೀರಬಾರದು, ಇಳಿಜಾರು ಕಿಲೋಮೀಟರಿಗೆ ಒಂದು ಮೀಟರ್ ದಾಟಬಾರದು ಎಂಬುದು ವರ್ಲ್ಡ್ ಅಥ್ಲೆಟಿಕ್ಸ್ ನಿಯಮ.

ನಡುವೆ ನಿಂತು ಫೋಟೋ ತೆಗೆಯಬಹುದೇ?

ಅವಶ್ಯವಾಗಿ ತೆಗೆಯಿರಿ. ಇಷ್ಟು ದೂರ ಬಂದದ್ದು ಅದಕ್ಕಾಗಿಯೇ. ರಸ್ತೆಯ ಅಂಚಿಗೆ ಸರಿದು, ಹಿಂದೆ ಬರುವವರಿಗೆ ಕೈಯೆತ್ತಿ ಸೂಚನೆ ಕೊಟ್ಟು ನಿಲ್ಲಿ. ಫೋನನ್ನು ಜಿಪ್‌ಲಾಕ್ ಚೀಲದಲ್ಲಿಟ್ಟಿರಿ, ಇಲ್ಲದಿದ್ದರೆ ಬೆವರಿನಿಂದ ಒದ್ದೆಯಾದ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಇಡೀ ಓಟದಲ್ಲಿ ಮೂರು ನಾಲ್ಕು ಕಡೆ ನಿಂತರೂ ಒಟ್ಟು ಹೋಗುವ ಸಮಯ ಮೂರು ನಿಮಿಷ ಮೀರುವುದಿಲ್ಲ, ಅಷ್ಟರಲ್ಲಿ ಹೃದಯದ ಬಡಿತವೂ ಇಳಿದಿರುತ್ತದೆ.

ಪೂರ್ತಿ ನಡೆದೇ ಮುಗಿಸಬಹುದೇ?

ಕಟ್-ಆಫ್ ಸಮಯವನ್ನು, ಅಂದರೆ ಓಟ ಮುಗಿಸಲು ಆಯೋಜಕರು ಕೊಡುವ ಗರಿಷ್ಠ ಸಮಯವನ್ನು ನೋಡಿಕೊಳ್ಳಿ. 3 ಗಂಟೆಯ ಕಟ್-ಆಫ್ ಇದ್ದರೆ ಕಿಲೋಮೀಟರಿಗೆ 8 ನಿಮಿಷ 32 ಸೆಕೆಂಡ್ ಬೇಕು, ಬರಿಯ ನಡಿಗೆಗೆ ಅದು ನಿಲುಕದು. ಮೂರೂವರೆ ಗಂಟೆಯಾದರೆ 9 ನಿಮಿಷ 57 ಸೆಕೆಂಡ್, 4 ಗಂಟೆಯಾದರೆ 11 ನಿಮಿಷ 23 ಸೆಕೆಂಡ್. ಚುರುಕು ನಡಿಗೆಯವರು 4 ಗಂಟೆಯ ಓಟವನ್ನು ಆರಿಸಿಕೊಳ್ಳುವುದು ಸುರಕ್ಷಿತ. ಅವರು ಬಿಸಿಲಿನಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ ಟೋಪಿ ಮತ್ತು ಸನ್‌ಸ್ಕ್ರೀನ್ ಅವರಿಗೇ ಹೆಚ್ಚು ಬೇಕು.

ದ್ವೀಪಕ್ಕೆ ಭಾರವಾಗದಂತೆ ಓಡುವುದು ಹೇಗೆ?

ಹವಳದ ದ್ವೀಪದ ಸಿಹಿನೀರು ನೆಲದಡಿಯ ಉಪ್ಪುನೀರಿನ ಮೇಲೆ ತೇಲುವ ಒಂದು ಪದರ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ನಿಲ್ಲಬಲ್ಲದು. ಮಿತಿಮೀರಿ ಎತ್ತಿ ಮಟ್ಟ ಇಳಿದರೆ ಅದೇ ಲೆಕ್ಕದಲ್ಲಿ ಉಪ್ಪುನೀರು ಮೇಲೇರಿ ಬಾವಿಗಳು ಕೆಡುತ್ತವೆ. ಸಾವಿರಾರು ಓಟಗಾರರು ಒಂದೇ ವಾರಾಂತ್ಯದಲ್ಲಿ ಬಂದಿಳಿದಾಗ ಆ ಪದರದ ಮೇಲೆ ಬೀಳುವ ಹೊರೆಯನ್ನು ಊಹಿಸಿಕೊಳ್ಳಿ. ಸ್ನಾನ ಚುಟುಕಾಗಿರಲಿ. ಮಡಚುವ ಲೋಟ ಅಥವಾ ಸ್ವಂತ ಬಾಟಲಿ ಒಯ್ಯಿರಿ, ತಲೆಗೆ ಸುರಿದುಕೊಳ್ಳಲು ಒದ್ದೆ ಸ್ಪಂಜು ಕೊಡುತ್ತಿದ್ದರೆ ಕುಡಿಯುವ ನೀರಿನ ಬದಲು ಅದನ್ನೇ ಬಳಸಿ. ಜೆಲ್ ಪೊಟ್ಟಣದ ಹರಿದ ಮೂಲೆಯನ್ನೂ ಜೇಬಿಗೆ ಹಾಕಿಕೊಳ್ಳಿ. ರಸ್ತೆಯಿಂದ ಕಡಲಿಗೆ ಅಲ್ಲಿ ಗಾಳಿಯ ಒಂದು ಬೀಸಿನಷ್ಟೇ ದೂರ.

ಓಟಕ್ಕೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ?

ಬೇಡ. ಐಬುಪ್ರೊಫೇನ್‌ನಂಥ ಮಾತ್ರೆಗಳು ಸೆಕೆ ಮತ್ತು ನೀರಿನ ಕೊರತೆಯ ನಡುವೆ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಸೋಡಿಯಂ ಇಳಿಯುವ ಅಪಾಯವನ್ನೂ ಹೆಚ್ಚಿಸಬಲ್ಲವು. ಹಿಂದಿನ ಒಂದೆರಡು ದಿನಗಳಲ್ಲಿ ಜ್ವರ ಅಥವಾ ಭೇದಿ ಆಗಿದ್ದರೆ ಓಡಬೇಡಿ, ಅಂಥ ದೇಹ ಶಾಖವನ್ನು ತಾಳಲಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ, ಅದರಲ್ಲೂ ಮುಂಜಾನೆ ಮತ್ತು ಸಂಜೆ ಹೆಚ್ಚು ಕಚ್ಚುತ್ತದೆ, ಆದ್ದರಿಂದ ಓಟದ ಹಿಂದಿನ ದಿನಗಳಲ್ಲಿ ಕೈಕಾಲಿಗೆ ಸೊಳ್ಳೆ ನಿವಾರಕ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.

ಮುಗಿದ ಕೂಡಲೇ ಸಮುದ್ರಕ್ಕೆ ಇಳಿಯಬಹುದೇ?

ಸೊಂಟದ ಮಟ್ಟದ ನೀರಿನವರೆಗೆ ಇಳಿಯಬಹುದು, ಅದೂ ಮೊದಲು ಹತ್ತು ನಿಮಿಷ ನಡೆದು, ನೆರಳಿನಲ್ಲಿ ಕುಳಿತು, ಏನಾದರೂ ಕುಡಿದ ಮೇಲೆ. ದಣಿದ ಮೀನಖಂಡ ನೀರಿನಲ್ಲಿ ಸೆಟೆದುಕೊಳ್ಳುವುದು ಸಾಮಾನ್ಯ, ಆ ಸ್ಥಿತಿಯಲ್ಲಿ ಸೆಳೆತಕ್ಕೆ ಸಿಕ್ಕರೆ ಈಜುಬಲ್ಲವರಿಗೂ ಕಷ್ಟ. ಕಾಲಿನ ಗುಳ್ಳೆ ಒಡೆದಿದ್ದರೆ ಹವಳದ ಬಂಡೆಗಳ ಮೇಲೆ ಬರಿಗಾಲಿನಲ್ಲಿ ನಡೆಯಬೇಡಿ, ಹವಳದ ಗೀರು ಬೇಗ ಕೀವಾಗುತ್ತದೆ. ಸ್ಕೂಬಾ ಡೈವಿಂಗ್ ಅನ್ನು ಓಟದ ದಿನ ಇಟ್ಟುಕೊಳ್ಳಲೇಬಾರದು, ನೀರು ಕಳೆದುಕೊಂಡ ದೇಹದಲ್ಲಿ ಡಿಕಂಪ್ರೆಷನ್ ತೊಂದರೆಯ (ಒತ್ತಡ ಇಳಿದಾಗ ರಕ್ತದಲ್ಲಿ ಅನಿಲದ ಗುಳ್ಳೆ ಏಳುವುದು) ಅಪಾಯ ಹೆಚ್ಚು. ಮಾರನೆಯ ದಿನ ಡೈವ್ ಮಾಡುವ ಯೋಜನೆಯಿದ್ದರೆ ಮರಳುವ ವಿಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ ಕನಿಷ್ಠ 18 ಗಂಟೆ ಕಳೆದ ಮೇಲಷ್ಟೇ ವಿಮಾನ ಹತ್ತಬೇಕು.